ಮೂರನೇ ಸುತ್ತಿನಲ್ಲಿ ಬದಲಾಗುವ ತಲೆಮಾರು

ನನ್ನ ಲ್ಯಾಪ್‌ಟಾಪ್‌ನ ಟೆನಿಸ್ ಗೇಮ್‌ನಲ್ಲಿ ಈಗ 2047ನೇ ಇಸವಿ ನಡೆಯುತ್ತಿದೆ. ಇವತ್ತಿನ ತಾರೆಗಳಾದ ಅಲ್ಕರಾಜ್, ಸಿನ್ನರ್ ಅಲ್ಲಿ ನಿವೃತ್ತರಾಗಿ ಎಷ್ಟೋ ಕಾಲವಾಯಿತು. ಅಂದರೆ, ಅವರ ಹೆಸರನ್ನೇ ಒಂದೆರಡು ಅಕ್ಷರ ತಿರುಚಿ ಇಟ್ಟುಕೊಂಡಿದ್ದ ಆಟಗಾರರು. ಲೈಸೆನ್ಸ್ ಇಲ್ಲದ ಕ್ರೀಡಾ ಗೇಮ್‌ಗಳ ಹಳೆಯ ಚಾಳಿ ಅದು. ಈಗ ರ‍್ಯಾಂಕಿಂಗ್ ಪಟ್ಟಿಯಲ್ಲಿ ಇರುವವರೆಲ್ಲ ಕಂಪ್ಯೂಟರ್ ಹುಟ್ಟಿಸಿದ ಹುಡುಗರು. ಅವರಿಗೆ ಅಪ್ಪ ಅಮ್ಮ ಇಲ್ಲ, ಊರಿಲ್ಲ. ದೇಶದ ಬಾವುಟ, ಹುಟ್ಟಿದ ದಿನ ಮತ್ತು ಒಂದು ರಾಶಿ ಅಂಕಿಗಳು ಮಾತ್ರ ಇವೆ. ಆದರೂ ಅವರಲ್ಲಿ ಒಬ್ಬ ಸೋತರೆ ನನಗೆ ರಾತ್ರಿ ಬೇಗ ನಿದ್ದೆ ಬರುವುದಿಲ್ಲ.

ಟೆನಿಸ್ ಮ್ಯಾನೇಜ್‌ಮೆಂಟ್ ಗೇಮ್ ಆಡದವರಿಗೆ ಎರಡು ಮಾತು. ಇಲ್ಲಿ ನೀವು ರ‍್ಯಾಕೆಟ್ ಹಿಡಿಯುವುದಿಲ್ಲ. ಕೋಚ್ ಯಾರು, ಈ ವಾರ ಸರ್ವ್ ಅಭ್ಯಾಸವೋ ಜಿಮ್ಮೋ, ಯಾವ ಟೂರ್ನಿಗೆ ಹೆಸರು ಕೊಡುವುದು, ಯಾವಾಗ ವಿಶ್ರಾಂತಿ ಕೊಡುವುದು, ಇಂಥದ್ದನ್ನೆಲ್ಲ ತೀರ್ಮಾನಿಸುತ್ತೀರಿ. ಆಮೇಲೆ ಪಂದ್ಯ ತಾನಾಗಿ ನಡೆಯುತ್ತದೆ. ನೀವು ಕೈ ಹಿಸುಕಿಕೊಂಡು ನೋಡುತ್ತೀರಿ. ‘ಟೆನಿಸ್ ಮ್ಯಾನೇಜರ್’, ‘ಟೆನಿಸ್ ಎಲ್ಬೋ ಮ್ಯಾನೇಜರ್’ ಅಂತ ಒಬ್ಬರೇ ಆಡುವ ಗೇಮ್‌ಗಳಿವೆ. ‘ರಾಕಿಂಗ್ ರ‍್ಯಾಕೆಟ್ಸ್’ ಥರ ಪ್ರಪಂಚದ ಮೂಲೆಮೂಲೆಯವರು ಬ್ರೌಸರ್‌ನಲ್ಲಿ ಒಟ್ಟಿಗೆ ಆಡುವವೂ ಇವೆ. ಹೊರಗಿನಿಂದ ನೋಡಿದವರಿಗೆ ಇದು ಎಕ್ಸೆಲ್ ಶೀಟ್‌ನಂತೆ ಕಾಣುತ್ತದೆ. ನನ್ನ ಮನೆಯವರೂ ನಾನು ಆಫೀಸಿನ ಕೆಲಸ ಮಾಡುತ್ತಿದ್ದೇನೆ ಅಂತ ಎಷ್ಟೋ ಸಲ ತಿಳಿದಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಈ ಗೇಮ್‌ಗಳಲ್ಲಿ ನನ್ನನ್ನು ಹಿಡಿದಿಟ್ಟಿರುವುದು ಕಪ್ ಗೆಲ್ಲುವುದಲ್ಲ. ಮೇಲಿನವರು ಹೋಗಿ ಹೊಸಬರು ಬರುವ ಆ ಸಮಯ. ನಿಜವಾದ ಟೆನಿಸ್‌ನಲ್ಲಿ ಒಂದು ತಲೆಮಾರು ಬದಲಾಗುವುದನ್ನು ನೋಡಲು ಹತ್ತು ಹನ್ನೆರಡು ವರ್ಷ ಕಾಯಬೇಕು. ಇಲ್ಲಿ ಒಂದು ಮಳೆಗಾಲದಲ್ಲಿ ಎರಡು ತಲೆಮಾರು ಕಳೆದುಹೋಗುತ್ತವೆ. ಅಷ್ಟು ಹತ್ತಿರದಿಂದ, ಅಷ್ಟು ಬೇಗ, ಮತ್ತೆ ಮತ್ತೆ ನೋಡಿದಾಗ ಟಿವಿಯಲ್ಲಿ ಕಾಣದ ಒಂದು ಸಂಗತಿ ಕಾಣತೊಡಗುತ್ತದೆ. ಪಟ್ಟ ಬದಲಾಗುವುದು ರಾಜ ಮತ್ತು ಯುವರಾಜನ ನಡುವೆ ಅಲ್ಲ. ಅದನ್ನು ತೀರ್ಮಾನಿಸುವವರು ನಡುವಿನವರು. ಇಪ್ಪತ್ತೈದರಿಂದ ಮೂವತ್ತನೇ ರ‍್ಯಾಂಕ್‌ನಲ್ಲಿ ಇರುವವರು, ಪೋಸ್ಟರ್‌ನಲ್ಲಿ ಮುಖ ಬಾರದವರು.

ಹೇಗೆ ಅಂತ ಹೇಳುತ್ತೇನೆ.

ನನ್ನ ಅಕಾಡೆಮಿಯಲ್ಲಿ ಒಬ್ಬ ಚಿಲಿಯವನಿದ್ದ. ಹದಿನಾರಕ್ಕೆ ಬಂದ, ಇಪ್ಪತ್ತೆರಡಕ್ಕೆ ನಂಬರ್ 1 ಆದ. ಸರ್ವ್ ಅಂದರೆ ಸಿಡಿಲು. ಅವನ ಹಿಂದೆ ಇಟಲಿ, ಕೆನಡಾದ ಇಬ್ಬರು ಬಿಟ್ಟರೆ ಬೇರೆ ಯಾರೂ ಇಲ್ಲ. ಇಂಥ ಗೇಮ್‌ಗಳಲ್ಲಿ ಪ್ರತಿ ಆಟಗಾರನಿಗೂ ವಯಸ್ಸಿನ ಒಂದು ರೇಖೆ ಇರುತ್ತದೆ. ಮೊದಲು ಏರುತ್ತದೆ, ಕೆಲವು ವರ್ಷ ಸಮನಾಗಿ ನಿಲ್ಲುತ್ತದೆ, ಇಪ್ಪತ್ತೆಂಟು ಇಪ್ಪತ್ತೊಂಬತ್ತು ದಾಟಿದ ಮೇಲೆ ಇಳಿಯುತ್ತದೆ. ಸರ್ವ್ ಅಷ್ಟು ಬೇಗ ಹೋಗುವುದಿಲ್ಲ. ಅನುಭವ, ಮನೋಬಲದಂಥವು ಇನ್ನೂ ಏರುತ್ತಿರುತ್ತವೆ. ಮೊದಲು ಹೋಗುವುದು ಕಾಲಿನ ವೇಗ. ಅದಕ್ಕೂ ಮೊದಲು, ಬಹುತೇಕ ಗಮನಕ್ಕೇ ಬಾರದಂತೆ, ದಣಿವಿನಿಂದ ಚೇತರಿಸಿಕೊಳ್ಳುವ ಶಕ್ತಿ ಹೋಗುತ್ತದೆ.

ಚಿಲಿಯವನಿಗೆ ಮೂವತ್ತು ಆದಾಗಲೂ ಅವನ ಒಟ್ಟು ಅಂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಮೊದಲು ಮೂರು ಸೆಟ್‌ಗಳಲ್ಲಿ ಮುಗಿಯುತ್ತಿದ್ದ ಪಂದ್ಯ ನಾಲ್ಕಕ್ಕೆ ಹೋಗತೊಡಗಿತು. ಗ್ರ್ಯಾಂಡ್ ಸ್ಲಾಮ್, ಅಂದರೆ ವರ್ಷದ ನಾಲ್ಕು ಅತಿ ದೊಡ್ಡ ಟೂರ್ನಿಗಳಲ್ಲಿ ಒಂದು. ಗೆಲ್ಲಲು ಎರಡು ವಾರದಲ್ಲಿ ಏಳು ಪಂದ್ಯ, ಗಂಡಸರಿಗೆ ಪ್ರತಿಯೊಂದೂ ಗರಿಷ್ಠ ಐದು ಸೆಟ್‌ಗಳದ್ದು, ಮೊದಲು ಮೂರು ಸೆಟ್ ಗೆದ್ದವನದೇ ಪಂದ್ಯ. ಮೂರನೇ ಸುತ್ತಿನಲ್ಲಿ ಇಪ್ಪತ್ತೇಳನೇ ರ‍್ಯಾಂಕಿನ ಫಿನ್ಲೆಂಡ್‌ನವನೊಬ್ಬ ಒಂದು ಸೆಟ್ ಕಿತ್ತುಕೊಂಡ. ನಾಲ್ಕನೇ ಸುತ್ತಿನಲ್ಲಿ ಇನ್ನೊಬ್ಬ ಎರಡು ಕಿತ್ತುಕೊಂಡ. ಎರಡೂ ಗೆದ್ದದ್ದು ನಮ್ಮವನೇ. ಮರುದಿನದ ಸುದ್ದಿಯ ಪರದೆಯಲ್ಲಿ ಏನೂ ವಿಶೇಷ ಇಲ್ಲ. ಕ್ವಾರ್ಟರ್ ಫೈನಲ್‌ಗೆ ಬರುವಾಗ ಅವನ ಎನರ್ಜಿ ಪಟ್ಟಿ ಅರ್ಧಕ್ಕಿಂತ ಸ್ವಲ್ಪ ಮೇಲೆ. ಎದುರಿಗೆ ಹತ್ತೊಂಬತ್ತರ ಜಪಾನಿನ ಹುಡುಗ. ಹುಡುಗ ಗೆದ್ದ. ಸುದ್ದಿಯ ಪರದೆಯಲ್ಲಿ ದೊಡ್ಡ ಅಕ್ಷರ: ಹೊಸ ತಾರೆಯ ಉದಯ.

ಆ ಫಿನ್ಲೆಂಡ್‌ನವನ ಹೆಸರು ಎಲ್ಲೂ ಬರಲಿಲ್ಲ. ನನಗೆ ಮಾತ್ರ ಗೊತ್ತು, ಆ ಕೆಲಸದಲ್ಲಿ ಅರ್ಧ ಅವನದೇ ಅಂತ.

ಇದು ಗೇಮ್ ಬರೆದವರ ಲೆಕ್ಕ, ನಿಜವಾದ ಟೆನಿಸ್‌ಗೆ ಏನು ಸಂಬಂಧ ಅನ್ನಬಹುದು. ಹಾಗಾದರೆ ತಲೆಮಾರು ಬದಲಾದ ಅತಿ ಪ್ರಸಿದ್ಧ ಪಂದ್ಯವನ್ನೇ ತೆಗೆದುಕೊಳ್ಳೋಣ. 2001ರ ವಿಂಬಲ್ಡನ್, ನಾಲ್ಕನೇ ಸುತ್ತು. ಏಳು ಸಲ ಅಲ್ಲಿ ಗೆದ್ದಿದ್ದ ಪೀಟ್ ಸಾಂಪ್ರಾಸ್‌ನನ್ನು ಹತ್ತೊಂಬತ್ತರ ರೋಜರ್ ಫೆಡರರ್ ಐದು ಸೆಟ್‌ಗಳಲ್ಲಿ ಸೋಲಿಸಿದ. ವಿಂಬಲ್ಡನ್‌ನಲ್ಲಿ ಸಾಂಪ್ರಾಸ್ ಸತತ 31 ಪಂದ್ಯ ಗೆದ್ದುಕೊಂಡು ಬಂದಿದ್ದ. ಇವತ್ತಿಗೂ ಅದನ್ನು ಪಟ್ಟಾಭಿಷೇಕ ಎಂಬಂತೆ ತೋರಿಸುತ್ತಾರೆ. ಮುಂದಿನ ಸುತ್ತಿನಲ್ಲೇ ಫೆಡರರ್ ಟಿಮ್ ಹೆನ್ಮನ್‌ಗೆ ಸೋತ. ಮರುವರ್ಷ ವಿಂಬಲ್ಡನ್‌ನಲ್ಲಿ ಮೊದಲ ಸುತ್ತಿನಲ್ಲೇ ಮನೆಗೆ ಹೋದ. 2003ರ ಫ್ರೆಂಚ್ ಓಪನ್‌ನಲ್ಲೂ ಮೊದಲ ಸುತ್ತಿನಲ್ಲೇ ಸೋತ. ಮೊದಲ ಸ್ಲಾಮ್ ಸಿಕ್ಕಿದ್ದು 2003ರ ವಿಂಬಲ್ಡನ್‌ನಲ್ಲಿ, ನಂಬರ್ 1 ಆದದ್ದು 2004ರ ಫೆಬ್ರುವರಿಯಲ್ಲಿ. ನಡುವಿನ ಆ ಎರಡೂವರೆ ವರ್ಷ ಪಟ್ಟ ಯಾರ ತಲೆಯ ಮೇಲಿತ್ತು? ಹೆಚ್ಚು ಕಾಲ ಲೇಟನ್ ಹೆವಿಟ್ ತಲೆಯ ಮೇಲೆ. ಅವನು 2001ರ ಕೊನೆಯಲ್ಲಿ ಇಪ್ಪತ್ತನೇ ವಯಸ್ಸಿಗೆ ನಂಬರ್ 1 ಆದ, 2002ರಲ್ಲಿ ವಿಂಬಲ್ಡನ್ ಗೆದ್ದ. ಅವನನ್ನು ಈಗ ಯಾರೂ ಆ ಕಥೆಯಲ್ಲಿ ಸೇರಿಸುವುದಿಲ್ಲ. ಪಾಪ.

ಇನ್ನು ಸಾಂಪ್ರಾಸ್. ಅವನನ್ನು ವಿಂಬಲ್ಡನ್‌ನಿಂದ ನಿಜವಾಗಿ ಹೊರಗೆ ಹಾಕಿದ್ದು ಫೆಡರರ್ ಅಲ್ಲ, ಜಾರ್ಜ್ ಬಾಸ್ಟಲ್. 2002ರ ಎರಡನೇ ಸುತ್ತು, 2ನೇ ಕೋರ್ಟ್. ಬಾಸ್ಟಲ್‌ನ ರ‍್ಯಾಂಕ್ 145. ಅರ್ಹತಾ ಸುತ್ತಿನಲ್ಲಿ ಸೋತಿದ್ದ, ಬೇರೆ ಯಾರೋ ಹಿಂದೆ ಸರಿದಿದ್ದರಿಂದ ಒಳಗೆ ಬಂದವನು. ಆ ಪಂದ್ಯಕ್ಕೆ ಯಾರೂ ಪಟ್ಟಾಭಿಷೇಕದ ಹೆಸರು ಕೊಡಲಿಲ್ಲ. ಸಾಂಪ್ರಾಸ್ ಅಲ್ಲಿ ಮತ್ತೆ ಆಡಲೇ ಇಲ್ಲ. ಆದರೆ ಟೆನಿಸ್ ಎಷ್ಟು ತಂಟೆಕೋರ ಆಟ ನೋಡಿ. ಅದೇ ವರ್ಷ 17ನೇ ಸೀಡ್ ಆಗಿ (ಆರಂಭದ ಸುತ್ತುಗಳಲ್ಲಿ ಪರಸ್ಪರ ಎದುರಾಗದಂತೆ ಬೇರೆ ಬೇರೆ ಇಡುವ ಮೇಲಿನ ಆಟಗಾರರಿಗೆ ಸೀಡ್ ಅನ್ನುತ್ತಾರೆ) ಯುಎಸ್ ಓಪನ್‌ಗೆ ಹೋದ, ಫೈನಲ್‌ನಲ್ಲಿ ಅಗಾಸ್ಸಿಯನ್ನು ಸೋಲಿಸಿ ತನ್ನ 14ನೇ ಸ್ಲಾಮ್ ಎತ್ತಿದ, ಆಮೇಲೆ ಒಂದೂ ಪಂದ್ಯ ಆಡಲಿಲ್ಲ. ನನ್ನ ಗೇಮ್ ಇಂಥದ್ದನ್ನು ಬರೆಯಲಾರದು. ಅದರ ರೇಖೆ ಇಳಿಯಲು ಶುರುವಾದರೆ ಇಳಿಯುತ್ತಲೇ ಹೋಗುತ್ತದೆ. ನಿಜವಾದ ಮನುಷ್ಯರ ರೇಖೆ ಇಳಿಯುತ್ತಾ ಇಳಿಯುತ್ತಾ ನಡುವೆ ಒಂದು ಸಲ ಎದ್ದು ಕೂರುತ್ತದೆ.

2001 ಅಂದೆನಲ್ಲ, ಆ ವರ್ಷಕ್ಕೆ ಇನ್ನೊಂದು ಮಹತ್ವ ಇದೆ. ಅಲ್ಲಿಯವರೆಗೆ ಸ್ಲಾಮ್‌ಗಳಲ್ಲಿ 16 ಸೀಡ್ ಇರುತ್ತಿದ್ದರು. ಆ ವರ್ಷದ ವಿಂಬಲ್ಡನ್‌ನಿಂದ 32 ಮಾಡಿದರು. ಕೇಳಲು ಸಣ್ಣ ಬದಲಾವಣೆ. ಆದರೆ ಲೆಕ್ಕ ಹಾಕಿ. ಹಳೆಯ ನಿಯಮದಲ್ಲಿ ನಂಬರ್ 1 ಆಟಗಾರ ಮೊದಲ ಸುತ್ತಿನಲ್ಲೇ 17ನೆಯವನ ಎದುರು ಬೀಳಬಹುದಿತ್ತು. ಈಗ ಮೊದಲ 32 ಸೀಡ್‌ಗಳಲ್ಲಿ ಯಾರೂ ಅವನಿಗೆ ಮೂರನೇ ಸುತ್ತಿನವರೆಗೆ ಸಿಗುವುದಿಲ್ಲ. ಸಿಗುವಾಗಲೂ 25ರಿಂದ 32ರ ನಡುವಿನವನೇ ಸಿಗುತ್ತಾನೆ. ದೊಡ್ಡವರಿಗೆ ಎರಡು ಸುತ್ತು ಮೈ ಬಿಸಿ ಮಾಡಿಕೊಳ್ಳಲು ಸಮಯ ಸಿಕ್ಕಿತು. ಅದೇ ವರ್ಷ ವಿಂಬಲ್ಡನ್‌ನವರು ಹುಲ್ಲಿನ ಜಾತಿಯನ್ನೂ ಬದಲಿಸಿ, ಪೂರ್ತಿ ರೈ ಹುಲ್ಲು ಹಾಕಿದರು. ಚೆಂಡು ಮೊದಲಿಗಿಂತ ಎತ್ತರಕ್ಕೆ ಪುಟಿಯತೊಡಗಿತು ಅಂತ ಆಡಿದವರು ಹೇಳುತ್ತಾರೆ. ಸರ್ವ್ ಮಾಡಿ ನೆಟ್‌ಗೆ ಓಡುವವರ ಕಾಲ ಮುಗಿಯುತ್ತಾ ಬಂತು. ಮಣ್ಣಿನಲ್ಲಿ ಗೆಲ್ಲುವವನೇ ಹುಲ್ಲಿನಲ್ಲೂ ಗೆಲ್ಲುವುದು ಸುಲಭವಾಯಿತು. ಜೊತೆಗೆ ಪಾಲಿಯೆಸ್ಟರ್ ದಾರದ ರ‍್ಯಾಕೆಟ್ ಬಂತು. ದುಡ್ಡು ಹೆಚ್ಚಿತು, ಆಟಗಾರನ ಹಿಂದೆ ಫಿಸಿಯೊ, ಟ್ರೈನರ್, ಅಡುಗೆಯವರ ತಂಡವೇ ನಿಂತಿತು. ಮೇಲಿದ್ದವರು ಮೇಲೆಯೇ ಉಳಿಯಲು ಏನೇನು ಬೇಕೋ ಅದೆಲ್ಲ ಒಟ್ಟಿಗೆ ಒದಗಿ ಬಂತು.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ಫೆಡರರ್ 20, ನಡಾಲ್ 22, ಜೊಕೊವಿಚ್ 24. ಮೂವರ ನಡುವೆ 66 ಸ್ಲಾಮ್. 2004ರ ಫೆಬ್ರುವರಿಯಲ್ಲಿ ಆ್ಯಂಡಿ ರಾಡಿಕ್‌ನಿಂದ ಫೆಡರರ್ ನಂಬರ್ 1 ಕಿತ್ತುಕೊಂಡ ಮೇಲೆ, ಈ ಮೂವರು ಮತ್ತು ಆ್ಯಂಡಿ ಮರ್ರೆ ಬಿಟ್ಟು ಬೇರೊಬ್ಬ ಆ ಜಾಗಕ್ಕೆ ಬಂದದ್ದು 2022ರ ಫೆಬ್ರುವರಿಯಲ್ಲಿ. ಹದಿನೆಂಟು ವರ್ಷ. ಆ ಬೇರೊಬ್ಬ ಡ್ಯಾನಿಲ್ ಮೆಡ್ವೆಡೆವ್. ಅವನಿಗೆ ಜಾಗ ಸಿಗಲು, ಲಸಿಕೆಯ ಗಲಾಟೆಯಲ್ಲಿ ಜೊಕೊವಿಚ್‌ನ ವೀಸಾ ರದ್ದಾಗಿ ಆಸ್ಟ್ರೇಲಿಯಾದಿಂದ ಹೊರಗೆ ಕಳಿಸಿದ್ದೂ ಒಂದು ಕಾರಣ. ಯಾವ ಗೇಮ್ ಬರೆಯುವವನೂ ಇಂಥ ಪುಟವನ್ನು ಊಹಿಸಿರಲಿಕ್ಕಿಲ್ಲ.

1990ರ ದಶಕದಲ್ಲಿ ಹುಟ್ಟಿದ ಗಂಡಸರಲ್ಲಿ 2025ರ ಕೊನೆಯವರೆಗೆ ಸಿಂಗಲ್ಸ್ ಸ್ಲಾಮ್ ಗೆದ್ದವರು ಇಬ್ಬರೇ. 2020ರ ಯುಎಸ್ ಓಪನ್‌ನಲ್ಲಿ ಡಾಮಿನಿಕ್ ಥೀಮ್, 2021ರಲ್ಲಿ ಅಲ್ಲೇ ಮೆಡ್ವೆಡೆವ್. ಒಂದು ಇಡೀ ದಶಕಕ್ಕೆ ಎರಡು ಕಪ್. 2003ರ ಮೇನಲ್ಲಿ ಹುಟ್ಟಿದ ಕಾರ್ಲೋಸ್ ಅಲ್ಕರಾಜ್ ಒಬ್ಬನೇ 2025ರ ಹೊತ್ತಿಗೆ ಆರು ಗೆದ್ದಿದ್ದ. 2001ರಲ್ಲಿ ಹುಟ್ಟಿದ ಯಾನಿಕ್ ಸಿನ್ನರ್ ನಾಲ್ಕು. 2024 ಮತ್ತು 2025ರ ಎಂಟೂ ಸ್ಲಾಮ್ ಇವರಿಬ್ಬರ ಮನೆಗೇ ಹೋದವು.

ತೊಂಬತ್ತರ ದಶಕದವರನ್ನು ಬೈಯುವುದು ಸುಲಭ. ಫೋನ್ ಹಿಡಿದುಕೊಂಡು ಬೆಳೆದವರು, ಹಸಿವಿಲ್ಲ, ದುಡ್ಡು ಬೇಗ ಬಂತು, ಹೀಗೆ. ನಾನೂ ಸ್ವಲ್ಪ ಕಾಲ ಹಾಗೇ ಅಂದುಕೊಂಡಿದ್ದೆ. ಗೇಮ್ ಆಡುತ್ತಾ ಆಡುತ್ತಾ ಆ ಮಾತು ಸಪ್ಪೆ ಅನ್ನಿಸತೊಡಗಿತು. ಕಂಪ್ಯೂಟರ್ ಪ್ರತಿವರ್ಷ ಹೊಸ ಹುಡುಗರನ್ನು ಹುಟ್ಟಿಸುತ್ತದೆ. ಅದು ಸುಮ್ನೆ ದಾಳ ಉರುಳಿಸುವ ಕೆಲಸ. ಆದರೂ ಮಾವಿನ ಫಸಲಿನ ಹಾಗೆ ಒಂದು ವರ್ಷ ಕೊಂಬೆ ಬಾಗುವಷ್ಟು, ಮುಂದಿನ ಎರಡು ವರ್ಷ ಎಲೆ ಬಿಟ್ಟರೆ ಏನಿಲ್ಲ. ನನ್ನ ಆಟದಲ್ಲಿ 2019ರಿಂದ 2022ರವರೆಗೆ ಹುಟ್ಟಿದವರಲ್ಲಿ ಒಬ್ಬನೂ ಸ್ಲಾಮ್ ಮುಟ್ಟಲಿಲ್ಲ. ಅವರಿಗೆ ಯಾರೂ ಫೋನ್ ಕೊಟ್ಟಿರಲಿಲ್ಲ.

ನಿಜ ಜೀವನದಲ್ಲೂ ಫಸಲು ಹೀಗೆ ಗುಂಪುಗುಂಪಾಗಿಯೇ ಬಂದಿದೆ. ಅಗಾಸ್ಸಿ, ಕೊರಿಯರ್, ಸಾಂಪ್ರಾಸ್, ಮೈಕೆಲ್ ಚಾಂಗ್ ಈ ನಾಲ್ವರೂ ಅಮೆರಿಕದವರು, ನಾಲ್ವರೂ 1970ರಿಂದ 1972ರ ಫೆಬ್ರುವರಿಯ ಒಳಗೆ ಹುಟ್ಟಿದವರು. ನಡಾಲ್ ಹುಟ್ಟಿದ್ದು 1986ರಲ್ಲಿ. ಮರ್ರೆ 1987ರ ಮೇ 15, ಜೊಕೊವಿಚ್ ಮೇ 22. ಒಂದೇ ವಾರದ ಅಂತರ. ಇದಕ್ಕೆ ಯಾರ ಹತ್ತಿರ ಕಾರಣ ಇದೆ?

ಆದರೆ ಪೂರ್ತಿ ದಾಳದ ಮೇಲೆ ಹಾಕಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಗೇಮ್‌ನಲ್ಲಿ ನನಗೆ ಇರುವ ಸೌಲಭ್ಯ ಏನೆಂದರೆ, ಸೋತವರ ಅಂಕಿಗಳನ್ನೂ ತೆರೆದು ನೋಡಬಹುದು. ಆ ಕಪ್ ಮುಟ್ಟದ ತಲೆಮಾರಿನ ಮೊದಲ ಮೂವರನ್ನು ನಾನು ಇನ್ನೊಂದು ಕಾಲದ ಚಾಂಪಿಯನ್ನರ ಪಕ್ಕ ಇಟ್ಟು ನೋಡಿದೆ. ಅಂಥ ವ್ಯತ್ಯಾಸವೇನೂ ಇಲ್ಲ. ಇವರಲ್ಲಿ ಒಬ್ಬನ ಬ್ಯಾಕ್‌ಹ್ಯಾಂಡ್ ಅವರಿಗಿಂತ ಮೇಲು. ಇವರ ಕೆಡುಕು ಇಷ್ಟೇ. ಇಪ್ಪತ್ತಮೂರಕ್ಕೆ ಬಂದಾಗ ಚಿಲಿಯವನು ಇನ್ನೂ ಗಟ್ಟಿ ಇದ್ದ. ಇಪ್ಪತ್ತೆಂಟಕ್ಕೆ ಬಂದಾಗ ಜಪಾನಿನವನು ಸಿದ್ಧನಾಗಿದ್ದ. ನಡುವೆ ಇದ್ದ ಕಿಟಕಿ ತೆರೆದದ್ದೇ ಯಾರಿಗೂ ಗೊತ್ತಾಗಲಿಲ್ಲ.

ಕ್ಯಾಸ್ಪರ್ ರೂಡ್ ಇದಕ್ಕೆ ಜೀವಂತ ಸಾಕ್ಷಿ. 1998ರ ಡಿಸೆಂಬರ್‌ನಲ್ಲಿ ಹುಟ್ಟಿದ ನಾರ್ವೆಯ ಹುಡುಗ. ಮೂರು ಸ್ಲಾಮ್ ಫೈನಲ್ ಆಡಿದ. 2022ರ ಫ್ರೆಂಚ್ ಓಪನ್‌ನಲ್ಲಿ ಎದುರಿಗೆ ನಡಾಲ್. ಅದೇ ವರ್ಷದ ಯುಎಸ್ ಓಪನ್‌ನಲ್ಲಿ ಎದುರಿಗೆ ಅಲ್ಕರಾಜ್. 2023ರ ಫ್ರೆಂಚ್ ಓಪನ್‌ನಲ್ಲಿ ಎದುರಿಗೆ ಜೊಕೊವಿಚ್. ಹದಿಮೂರು ತಿಂಗಳ ಒಳಗೆ ತನಗಿಂತ ಹನ್ನೆರಡು ವರ್ಷ ದೊಡ್ಡವನಿಗೂ ಸೋತ, ನಾಲ್ಕು ವರ್ಷ ಚಿಕ್ಕವನಿಗೂ ಸೋತ, ಮತ್ತೆ ಹನ್ನೊಂದು ವರ್ಷ ದೊಡ್ಡವನಿಗೂ ಸೋತ. ತನ್ನ ಓರಗೆಯವನೊಬ್ಬ ಫೈನಲ್‌ನಲ್ಲಿ ಸಿಕ್ಕಿದ್ದರೆ ಏನಾಗುತ್ತಿತ್ತೋ. ಥೀಮ್‌ಗೆ ಸಿಕ್ಕಿದ್ದು ಅದೇ. 2020ರಲ್ಲಿ ನಡಾಲ್, ಫೆಡರರ್ ನ್ಯೂಯಾರ್ಕ್‌ಗೆ ಬಂದಿರಲಿಲ್ಲ. ಜೊಕೊವಿಚ್ ಹೊಡೆದ ಚೆಂಡು ಲೈನ್ ಜಡ್ಜ್‌ಗೆ ತಗುಲಿ ಅವನನ್ನು ಟೂರ್ನಿಯಿಂದ ಹೊರಗೆ ಹಾಕಿದ್ದರು. ಫೈನಲ್‌ನಲ್ಲಿ ಎದುರಿಗೆ ಜರ್ಮನಿಯ ಅಲೆಕ್ಸಾಂಡರ್ ಜ್ವೆರೆವ್. ಎರಡು ಸೆಟ್ ಹಿಂದೆ ಬಿದ್ದು, ಐದನೇ ಸೆಟ್‌ನ ಟೈಬ್ರೇಕ್‌ನಲ್ಲಿ ಥೀಮ್ ಗೆದ್ದ. ಮರುವರ್ಷ ಮಣಿಕಟ್ಟಿಗೆ ಪೆಟ್ಟಾಯಿತು. ಮತ್ತೆ ಮೊದಲಿನಂತೆ ಆಗಲಿಲ್ಲ. 2024ರಲ್ಲಿ 31ನೇ ವಯಸ್ಸಿಗೆ ರ‍್ಯಾಕೆಟ್ ಕೆಳಗಿಟ್ಟ.

ಮೆಡ್ವೆಡೆವ್ ಕಥೆ ಇನ್ನೂ ಕ್ರೂರ. 2022ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ನಡಾಲ್ ಎದುರು ಮೊದಲ ಎರಡು ಸೆಟ್ ಗೆದ್ದು ಸೋತ. ಎರಡು ವರ್ಷದ ನಂತರ ಅದೇ ಊರು, ಅದೇ ಅಂಗಣ, ಅದೇ ಫೈನಲ್. ಈ ಸಲ ಸಿನ್ನರ್ ಎದುರು ಮೊದಲ ಎರಡು ಸೆಟ್ ಗೆದ್ದು ಸೋತ. ಒಂದು ಸಲ ಹೋಗುತ್ತಿರುವ ತಲೆಮಾರು, ಇನ್ನೊಂದು ಸಲ ಬರುತ್ತಿರುವ ತಲೆಮಾರು. ಒಬ್ಬನೇ ಮನುಷ್ಯ ಎರಡೂ ಬಾಗಿಲಲ್ಲಿ ಬೆರಳು ಸಿಕ್ಕಿಸಿಕೊಂಡ. ಇಂಥದ್ದು ನನ್ನ ಗೇಮ್‌ನಲ್ಲಿ ಬಂದಿದ್ದರೆ, ಕೋಡ್‌ನಲ್ಲಿ ಏನೋ ದೋಷ ಇದೆ ಅನ್ನುತ್ತಿದ್ದೆ.

ಈಗ ಜೊಕೊವಿಚ್‌ಗೆ ಬರೋಣ. ಯಾಕೆಂದರೆ ನಡುವಿನವರ ಬಗ್ಗೆ ನಾನು ಹೇಳುತ್ತಿರುವುದಕ್ಕೆ ಅವನೇ ಉಲ್ಟಾ ಸಾಕ್ಷಿಯಂತೆ ಕಾಣುತ್ತಾನೆ. 2024ರ ಜೂನ್‌ವರೆಗೆ, 37 ತುಂಬಿದ ಮೇಲೂ, ಅವನು ನಂಬರ್ 1. ಗಂಡಸರಲ್ಲಿ ಅಷ್ಟು ವಯಸ್ಸಿಗೆ ಯಾರೂ ಅಲ್ಲಿ ಕೂತಿರಲಿಲ್ಲ. 2025ರಲ್ಲಿ ನಾಲ್ಕೂ ಸ್ಲಾಮ್‌ಗಳ ಸೆಮಿಫೈನಲ್ ತಲುಪಿದ. ನಾಲ್ಕರಲ್ಲೂ ಅಲ್ಲೇ ನಿಂತ. ಆಸ್ಟ್ರೇಲಿಯಾದಲ್ಲಿ ಜ್ವೆರೆವ್ ಎದುರು ಒಂದು ಸೆಟ್ ಆಡಿ ಗಾಯದಿಂದ ಬಿಟ್ಟುಕೊಟ್ಟ. ಪ್ಯಾರಿಸ್ ಮತ್ತು ವಿಂಬಲ್ಡನ್‌ನಲ್ಲಿ ಸಿನ್ನರ್, ನ್ಯೂಯಾರ್ಕ್‌ನಲ್ಲಿ ಅಲ್ಕರಾಜ್. ಕ್ವಾರ್ಟರ್ ಫೈನಲ್‌ವರೆಗೆ ಸಿಕ್ಕವರನ್ನೆಲ್ಲ ಅವನು ದಾಟಿಕೊಂಡು ಬಂದ. ಅವರಲ್ಲಿ ಅವನ ಪಟ್ಟಕ್ಕೆ ನಿಜವಾಗಿ ಹಕ್ಕುದಾರರಾಗಬೇಕಿದ್ದ ವಯಸ್ಸಿನವರೂ ಇದ್ದರು. ಅವರು ಅವನನ್ನು ದಣಿಸಿದರು, ಆದರೆ ಕೆಡವಲಿಲ್ಲ. ಏಳೆಂಟು ವರ್ಷ ಹಿಂದೆಯೇ ನಡುವಿನವರು ಮೂರನೇ ಸುತ್ತು, ನಾಲ್ಕನೇ ಸುತ್ತುಗಳಲ್ಲಿ ಗಟ್ಟಿಯಾಗಿ ನಿಂತಿದ್ದರೆ ಹಳೆಯವರ ಕಾಲ ಇಷ್ಟು ಉದ್ದ ಆಗುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಒಬ್ಬ ರಾಜ ಎಷ್ಟು ಕಾಲ ಆಳುತ್ತಾನೆ ಅನ್ನುವುದರಲ್ಲಿ ಅವನ ಪ್ರತಿಭೆಯ ಪಾಲು ಎಷ್ಟೋ, ಅವನಿಗಿಂತ ಐದಾರು ವರ್ಷ ಚಿಕ್ಕವರ ಪಾಲೂ ಅಷ್ಟೇ.

ಯಾರೋ ಅನಾಮಿಕನಿಗೆ ಸೋತ ಕೂಡಲೇ ದೊಡ್ಡವರು ಮುಗಿದರು ಅಂತಲೂ ಅಲ್ಲ. 2012ರಿಂದ 2015ರವರೆಗೆ ನಾಲ್ಕು ವರ್ಷ ನಡಾಲ್ ವಿಂಬಲ್ಡನ್‌ನಲ್ಲಿ ನೂರು ಅಥವಾ ಅದಕ್ಕಿಂತ ಕೆಳಗಿನ ರ‍್ಯಾಂಕ್‌ನವರಿಗೇ ಸೋತ. ಆಮೇಲೂ ಎಂಟು ಸ್ಲಾಮ್ ಗೆದ್ದ. 2013ರಲ್ಲಿ ಫೆಡರರ್ ಅದೇ ವಿಂಬಲ್ಡನ್‌ನ ಎರಡನೇ ಸುತ್ತಿನಲ್ಲಿ 116ನೇ ರ‍್ಯಾಂಕಿನ ಸ್ಟಾಖೋವ್‌ಸ್ಕಿಗೆ ಸೋತು, ಸತತ 36 ಸ್ಲಾಮ್ ಕ್ವಾರ್ಟರ್ ಫೈನಲ್‌ಗಳ ಸರಣಿ ಮುರಿದಾಗ ಶ್ರದ್ಧಾಂಜಲಿ ಬರೆದವರು ಬಹಳ. 2018ರಲ್ಲಿ ಅವನು 36ನೇ ವಯಸ್ಸಿಗೆ ಮತ್ತೆ ನಂಬರ್ 1 ಆದ.

ರ‍್ಯಾಂಕಿಂಗ್ ಕೂಡ ಈ ವಿಷಯದಲ್ಲಿ ನಮಗೆ ಸುಳ್ಳು ಹೇಳುತ್ತದೆ, ಅಥವಾ ತಡವಾಗಿ ನಿಜ ಹೇಳುತ್ತದೆ. ಪಾಯಿಂಟ್ಸ್ 52 ವಾರ ಜೀವಂತ ಇರುತ್ತವೆ. ಸ್ಲಾಮ್ ಗೆದ್ದರೆ 2000. ಮುಂದಿನ ವರ್ಷ ಅದೇ ಟೂರ್ನಿ ಬರುವವರೆಗೆ ಅವು ಕೆಳಗೆ ಬೀಳದೆ ಕಾಪಾಡುತ್ತವೆ. ಚಿಲಿಯವನು ಒಳಗಿಂದ ಕುಸಿಯುತ್ತಿದ್ದ ಇಡೀ ವರ್ಷ ಪಟ್ಟಿಯಲ್ಲಿ ಅವನೇ ನಂಬರ್ 1. ಆಮೇಲೆ ಒಂದು ಸೋಮವಾರ ಏಕಾಏಕಿ ಆರನೇ ಸ್ಥಾನ. ನೋಡಿದವರಿಗೆ ಅವತ್ತೇ ಏನೋ ಆಯಿತು ಅನ್ನಿಸುತ್ತದೆ. ಆದದ್ದು ಒಂದು ವರ್ಷದ ಹಿಂದೆ.

ಮ್ಯಾನೇಜರ್ ಕುರ್ಚಿಯ ನಿಜವಾದ ಕಷ್ಟ ಇಲ್ಲೇ ಇರುವುದು. ಚಿಲಿಯವನ ಬಹುಮಾನದ ಹಣದಲ್ಲೇ ನನ್ನ ಅಕಾಡೆಮಿ ನಡೆಯುತ್ತದೆ. ಅದೇ ಹಣದಲ್ಲಿ ಹದಿನೇಳರ ಇನ್ನೊಬ್ಬ ಹುಡುಗನಿಗೆ ಕೋಚ್ ಇಡಬೇಕು. ಒಳ್ಳೆಯ ಫಿಸಿಯೊ ಒಬ್ಬಳೇ ಇದ್ದಾಳೆ. ಅವಳನ್ನು ಯಾರ ಜೊತೆ ಕಳಿಸುವುದು? ಹಳಬನ ಜೊತೆ ಕಳಿಸಿದರೆ ಅವನ ಕಾಲ ಇನ್ನೊಂದು ವರ್ಷ ಎಳೆಯಬಹುದು. ಹುಡುಗನ ಜೊತೆ ಕಳಿಸಿದರೆ ಅವನ ಭುಜ ಉಳಿಯುತ್ತದೆ. ಪರದೆಯಲ್ಲಿ ಇದು ಒಂದು ಕ್ಲಿಕ್. ನಾನು ಅದರ ಮುಂದೆ ಚಹಾ ಆರುವವರೆಗೆ ಕೂತಿರುತ್ತೇನೆ. ಹಳಬ ಹೋಗುವುದು ವಯಸ್ಸಿನಿಂದ ಅಂತ ಎಲ್ಲರೂ ಹೇಳುತ್ತಾರೆ. ಒಳಗಿನಿಂದ ನೋಡಿದರೆ ಅವನ ಫಿಸಿಯೊವನ್ನು ಯಾರೋ ಬೇರೆಯವರಿಗೆ ಕೊಟ್ಟಿರುತ್ತಾರೆ. ನಾನು ಹುಡುಗನಿಗೇ ಕೊಟ್ಟೆ. ಇನ್ನೊಮ್ಮೆ ಆಡಿದರೂ ಅದನ್ನೇ ಮಾಡುತ್ತೇನೆ.

ಹೆಂಗಸರ ಟೆನಿಸ್‌ನಲ್ಲಿ ಈ ಲೆಕ್ಕವೆಲ್ಲ ಬೇರೆ. ಅಲ್ಲಿ ಸ್ಲಾಮ್ ಪಂದ್ಯ ಗರಿಷ್ಠ ಮೂರು ಸೆಟ್‌ನದು. ದಣಿವು ಕೂಡಿ ಕೂಡಿ ಬೀಳಿಸುವುದು ಕಡಿಮೆ, ಒಂದು ಒಳ್ಳೆಯ ಮಧ್ಯಾಹ್ನ ಯಾರನ್ನಾದರೂ ಗೆಲ್ಲಿಸಬಹುದು. 2021ರ ಯುಎಸ್ ಓಪನ್ ಅನ್ನು ಎಮ್ಮಾ ರಾಡುಕಾನು ಅರ್ಹತಾ ಸುತ್ತಿನಿಂದ ಬಂದು ಗೆದ್ದಳು. ಅಲ್ಲಿಯವರೆಗೆ ಗಂಡಸರಾಗಲಿ ಹೆಂಗಸರಾಗಲಿ ಯಾರೂ ಹಾಗೆ ಸ್ಲಾಮ್ ಗೆದ್ದಿರಲಿಲ್ಲ. ಇನ್ನು ಆ್ಯಶ್ಲಿ ಬಾರ್ಟಿ. 2022ರ ಜನವರಿಯಲ್ಲಿ ತನ್ನ ದೇಶದ ಸ್ಲಾಮ್ ಗೆದ್ದಳು. ಮಾರ್ಚ್‌ನಲ್ಲಿ, 25ನೇ ವಯಸ್ಸಿಗೆ, ನಂಬರ್ 1 ಆಗಿರುವಾಗಲೇ ನಿವೃತ್ತಿ ಹೇಳಿದಳು. ಕುರ್ಚಿ ಖಾಲಿಯಾಯಿತು, ಇಗಾ ಶ್ವಾಂಟೆಕ್ ಕೂತಳು, ಸತತ 37 ಪಂದ್ಯ ಗೆದ್ದಳು. ನನಗೆ ಗೊತ್ತಿರುವ ಯಾವ ಟೆನಿಸ್ ಗೇಮ್‌ನಲ್ಲೂ ‘ಸಾಕು, ಮನೆಗೆ ಹೋಗ್ತೀನಿ’ ಅನ್ನುವ ಆಟಗಾರ್ತಿ ಇಲ್ಲ. ಅಲ್ಲಿ ಎಲ್ಲರೂ ಕಾಲು ಬೀಳುವವರೆಗೆ ಆಡುತ್ತಾರೆ. ತಲೆಮಾರು ಬದಲಾಗಲು ಒಬ್ಬಳ ಮನಸ್ಸು ಸಾಕು ಅನ್ನುವುದನ್ನು ಅಂಕಿಯಲ್ಲಿ ಬರೆಯುವುದು ಹೇಗೆ?

ಗೇಮ್ ಬರೆದವರು ಗೊಂದಲಕ್ಕೆ ಬೀಳುವ ಇನ್ನೊಂದು ಜಾಗ ಡಬಲ್ಸ್. ಸಿಂಗಲ್ಸ್‌ನ ವಯಸ್ಸಿನ ರೇಖೆಯನ್ನೇ ಇಲ್ಲೂ ಬಳಸಿದರೆ ನಮ್ಮ ಕೊಡಗಿನ ರೋಹನ್ ಬೋಪಣ್ಣ ಲೆಕ್ಕಕ್ಕೇ ಸಿಗುವುದಿಲ್ಲ. 1980ರ ಮಾರ್ಚ್‌ನಲ್ಲಿ ಹುಟ್ಟಿದವರು. 2024ರ ಜನವರಿಯಲ್ಲಿ, 43ನೇ ವಯಸ್ಸಿಗೆ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಮೊದಲ ಬಾರಿ ಡಬಲ್ಸ್ ನಂಬರ್ 1 ಆದರು. ಮಂಡಿಯ ನೋವಿಗೆ ಅಯ್ಯಂಗಾರ್ ಯೋಗ ನೆರವಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಅರ್ಧ ಅಂಗಣ, ಚಿಕ್ಕ ಪಾಯಿಂಟ್‌ಗಳು, ಸರ್ವ್ ಮತ್ತು ನೆಟ್ ಹತ್ತಿರದ ಕೈಚಳಕ. ಕಾಲಿಗಿಂತ ಕಣ್ಣಿಗೆ ಹೆಚ್ಚು ಕೆಲಸ. ಯೂಕಿ ಭಾಂಬ್ರಿಯನ್ನೂ ಇಲ್ಲೇ ನೆನೆಯಬೇಕು. 2009ರಲ್ಲಿ ಆಸ್ಟ್ರೇಲಿಯನ್ ಓಪನ್‌ನ ಜೂನಿಯರ್ ಸಿಂಗಲ್ಸ್ ಗೆದ್ದು, ಜೂನಿಯರ್ ನಂಬರ್ 1 ಆದ ಹುಡುಗ. ಗೇಮ್‌ನ ಭಾಷೆಯಲ್ಲಿ ಪೂರ್ತಿ ಐದು ನಕ್ಷತ್ರದ ಪೊಟೆನ್ಶಿಯಲ್. ಸಿಂಗಲ್ಸ್‌ನಲ್ಲಿ ಅವರ ಅತ್ಯುತ್ತಮ ರ‍್ಯಾಂಕ್ 83, ಅದೂ ಗಾಯಗಳ ನಡುವೆ 2018ರಲ್ಲಿ. ಆಮೇಲೆ ಡಬಲ್ಸ್‌ಗೆ ತಿರುಗಿ ಅಲ್ಲಿ ನೆಲೆ ಕಂಡರು. ಐದು ನಕ್ಷತ್ರ ತೋರಿಸುವ ಪರದೆ ಮೊಣಕಾಲಿನ ಎಕ್ಸ್‌ರೇ ತೋರಿಸುವುದಿಲ್ಲ.

ನನ್ನ ಗೇಮ್‌ನಲ್ಲಿ ಭಾರತದ ಹುಡುಗರು ಬಹಳ ಅಪರೂಪ. ಯಾವ ದೇಶಕ್ಕೆ ಈಗ ಬಲ ಇದೆಯೋ ಆ ದೇಶಕ್ಕೇ ಹೆಚ್ಚು ಹೊಸಬರು ಹಂಚಿಕೆಯಾಗುತ್ತಾರೆ ಅಂತ ಆಡುವಾಗ ಅನ್ನಿಸುತ್ತದೆ. ಇದು ಅನ್ಯಾಯ ಅನ್ನಲು ಬಾಯಿ ಬರುವುದಿಲ್ಲ. 1980ರಲ್ಲಿ ವಿಜಯ್ ಅಮೃತರಾಜ್ 18ನೇ ರ‍್ಯಾಂಕ್ ಮುಟ್ಟಿದ್ದರು, 1985ರಲ್ಲಿ ರಮೇಶ್ ಕೃಷ್ಣನ್ 23. ಸಿಂಗಲ್ಸ್‌ನಲ್ಲಿ ಅದಕ್ಕಿಂತ ಮೇಲೆ ನಮ್ಮವರು ಯಾರೂ ಆಮೇಲೆ ಹೋಗಿಲ್ಲ.

ಮುಂದೇನು ಅಂತ ನೋಡುವವರೆಲ್ಲ ಈಗ ಬ್ರೆಜಿಲ್‌ನ ಜೊವೊ ಫೊನ್ಸೆಕಾ, ಚೆಕ್‌ನ ಯಾಕುಬ್ ಮೆನ್ಸಿಕ್ ಕಡೆ ನೋಡುತ್ತಾರೆ. ಫೊನ್ಸೆಕಾ 2006ರವನು, ಮೆನ್ಸಿಕ್ 2005ರವನು. 2025ರ ಮಯಾಮಿ ಫೈನಲ್‌ನಲ್ಲಿ ಮೆನ್ಸಿಕ್ ಸೋಲಿಸಿದ್ದು ಜೊಕೊವಿಚ್‌ನನ್ನೇ. ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಗೇಮ್‌ನಿಂದ ಕೆಟ್ಟುಹೋದ ನನ್ನ ಕಣ್ಣು 2002-03ರಲ್ಲಿ ಹುಟ್ಟಿದವರ ಕಡೆಗೇ ಹೋಗುತ್ತದೆ. ಡೆನ್ಮಾರ್ಕ್‌ನ ಹೋಲ್ಗರ್ ರೂನ್ ಹುಟ್ಟಿದ್ದು 2003ರ ಏಪ್ರಿಲ್ 29ರಂದು, ಅಲ್ಕರಾಜ್ ಮೇ 5ರಂದು. ಮರ್ರೆ, ಜೊಕೊವಿಚ್ ನಡುವೆ ಇರುವುದಕ್ಕಿಂತ ಒಂದು ದಿನ ಕಡಿಮೆ ಅಂತರ. ರೂನ್ ಹತ್ತೊಂಬತ್ತಕ್ಕೇ ಪ್ಯಾರಿಸ್ ಮಾಸ್ಟರ್ಸ್ ಫೈನಲ್‌ನಲ್ಲಿ ಜೊಕೊವಿಚ್‌ನನ್ನು ಸೋಲಿಸಿದವನು. 2025ರ ಅಕ್ಟೋಬರ್‌ನಲ್ಲಿ ಹಿಮ್ಮಡಿಯ ಸ್ನಾಯುರಜ್ಜು (ಅಕಿಲಿಸ್) ಹರಿದುಕೊಂಡ. ಇಟಲಿಯ ಲೊರೆಂಜೊ ಮುಸೆಟ್ಟಿ 2002ರವನು, ಒಂಟಿ ಕೈ ಬ್ಯಾಕ್‌ಹ್ಯಾಂಡ್‌ನ ಕೊನೆಯ ಸೊಗಸುಗಾರರಲ್ಲಿ ಒಬ್ಬ. ಇಂಥವರು ಸ್ಲಾಮ್ ಗೆಲ್ಲುತ್ತಾರೋ ಇಲ್ಲವೋ ಬೇರೆ ಮಾತು. ಅಲ್ಕರಾಜ್‌ಗೆ ಮೂವತ್ತಾಗುವ ಹೊತ್ತಿಗೆ ಒಂದು ಶುಕ್ರವಾರವೋ ಶನಿವಾರವೋ ಮೂರನೇ ಸುತ್ತಿನಲ್ಲಿ ಅವನನ್ನು ನಾಲ್ಕು ಗಂಟೆ ಓಡಿಸುವವರು ಇವರ ಓರಗೆಯವರೇ. ಆ ಪಂದ್ಯ ಅಲ್ಕರಾಜ್ ಗೆಲ್ಲುತ್ತಾನೆ. ಸುದ್ದಿಯಲ್ಲಿ ಸ್ಕೋರ್ ಮಾತ್ರ ಬರುತ್ತದೆ.